ಊರು ಬಿಟ್ಟು ಬದುಕಿದವರಿಗೆ ‘ಮನೆಯಲ್ಲೇ ಇರಿ’ ಅಂದಾಗ

2020ರ ಮಾರ್ಚ್ 24, ಮಂಗಳವಾರ. ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 21 ದಿನ ಇಡೀ ದೇಶ ಬಂದ್ ಅಂದರು. ಮರುದಿನ ಯುಗಾದಿ. ಅದರಾಚೆಗಿನ ಕಥೆ ನಿಮಗೆ ಗೊತ್ತೇ ಇದೆ. ಅಡುಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್, ಝೂಮ್ ಮೀಟಿಂಗ್, ಡಾಲ್ಗೋನಾ ಕಾಫಿ. ಈಗ ಯಾರಾದರೂ ‘ಲಾಕ್‌ಡೌನ್ ದಿನಗಳು’ ಅಂತ ಬರೆಯಲು ಕೂತರೆ ಇದೇ ಬರುತ್ತೆ. ತಪ್ಪೇನಿಲ್ಲ. ಬರೆಯೋರು ನಾವೇ ಆಗಿರೋದರಿಂದ ನಮ್ಮದೇ ಬರುತ್ತೆ, ಅಷ್ಟೆ.

ಆದರೆ ಅದೇ ರಾತ್ರಿ ಅದೇ ಆದೇಶ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಗೂ ತಲುಪಿತ್ತು. ‘ಎಲ್ಲಿದ್ದೀರೋ ಅಲ್ಲೇ ಇರಿ’ ಅನ್ನೋ ಮಾತು ಆ ಕಡೆಯ ಜನಕ್ಕೆ ಯಾಕೆ ಅಷ್ಟು ವಿಚಿತ್ರವಾಗಿ ಕೇಳಿಸಿರಬೇಕು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಈ ನಾಲ್ಕು ತಾಲ್ಲೂಕುಗಳ ಜನ ಮುನ್ನೂರು ವರ್ಷಗಳಿಂದ ಬರ ಬಂದರೂ ಬೇನೆ ಬಂದರೂ ಮಾಡಿದ್ದು ಒಂದೇ ಕೆಲಸ: ಊರು ಬಿಟ್ಟಿದ್ದು.

ಮೊದಲು ನೆಲದ ವಿಷಯ. ಇದು ಕರಿಮಣ್ಣಿನ ಎರೆ ಸೀಮೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅನ್ನೋ ಮಾತುಂಟು. ಆ ‘ಬೆಳೆದರೆ’ಯಲ್ಲೇ ಎಲ್ಲ ಇದೆ. ಮಳೆ ಕೈಕೊಟ್ಟ ವರ್ಷ ಓಣಿ ಖಾಲಿ, ಜನರೂ ಖಾಲಿ. ಇದಕ್ಕೆ ‘ಗುಳೆ’ ಅಂತ ಒಂದು ಶಬ್ದವೇ ಇದೆ. ಮನೆಗೆ ಬೀಗ ಹಾಕಿ, ಹಾಸಿಗೆ-ಪಾತ್ರೆ ಗಂಟು ಕಟ್ಟಿಕೊಂಡು, ಮುದುಕರನ್ನ ಊರಲ್ಲಿ ಬಿಟ್ಟು ದುಡಿಯಲು ಹೋಗೋದು.

ಬೇನೆಗೆ ಊರು ಬಿಟ್ಟ ದೊಡ್ಡ ದಾಖಲೆ ಬಾದಶಹನ ಕಾಲದ್ದು. 1686ರಲ್ಲಿ ಔರಂಗಜೇಬ ಆದಿಲ್‌ಶಾಹಿಯನ್ನ ಮುಗಿಸಿ ಬಿಜಾಪುರ ಹಿಡಿದ. ಎರಡು ವರ್ಷ ಕಳೆಯೋದರೊಳಗೆ, 1688ರಲ್ಲಿ, ಆ ಪಟ್ಟಣಕ್ಕೆ ಭೀಕರ ಸಾಂಕ್ರಾಮಿಕ ಬಂತು. ಬಾದಶಹನ ಬೇಗಂ ಔರಂಗಾಬಾದಿ ಮಹಲ್ ಅದರಲ್ಲೇ ತೀರಿಕೊಂಡಳು. ದೊಡ್ಡ ಸರದಾರ ಫಿರೋಜ್ ಜಂಗ್ ಕಣ್ಣು ಕಳೆದುಕೊಂಡ. ಕೊನೆಗೆ ಬಾದಶಹನ ಬೀಡು ಅಲ್ಲಿಂದ ಎದ್ದು ಹೋಯಿತು. ಕೋಟೆ ಗೆದ್ದವನೂ ಬೇನೆಯ ಮುಂದೆ ಮಾಡಿದ್ದು ಊರು ಬಿಡುವ ಕೆಲಸವನ್ನೇ.

ಇನ್ನು 1876-78ರ ಬರ. ಆಗ ಇದು ಕಲಾದಗಿ ಜಿಲ್ಲೆ, ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1872ರಲ್ಲಿ ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 6,38,493ಕ್ಕೆ ಇಳಿದಿತ್ತು. ಐದರಲ್ಲಿ ಒಬ್ಬರು ಇಲ್ಲ. ಕೆಲವರು ಸತ್ತರು, ಕೆಲವರು ಊರು ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಸರಕಾರ ತೆರೆದ ಬರಗಾಲದ ಕಾಮಗಾರಿಗಳಲ್ಲಿ ಕೂಲಿ ಎಷ್ಟು ಗೊತ್ತಾ? ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯ ಲೆಕ್ಕದಂತೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಒಂದು ಆಣೆ. ಅಂದರೆ ಅರ್ಧ ಕಿಲೋಕ್ಕೂ ಕಡಿಮೆ ಜೋಳಕ್ಕೆ ಇಡೀ ದಿನ ಮಣ್ಣು ಹೊರಬೇಕು. ಮುಂಬಯಿ ಪ್ರಾಂತದಲ್ಲಿ ಈ ಕೂಲಿ ಒಲ್ಲೆ ಅಂತ ಜನ ಕಾಮಗಾರಿ ಬಿಟ್ಟು ಎದ್ದು ಹೋದದ್ದೂ ಉಂಟು.

ಆ ಬರದ ಪಾಠದಿಂದಲೇ ಈ ಭಾಗಕ್ಕೆ ರೈಲು ಬಂತು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ಬಿಜಾಪುರದ ಮೇಲೆ ಗದಗಕ್ಕೆ ಹೋಗುವ ಮೀಟರ್‌ಗೇಜ್ ದಾರಿ 1884ರಲ್ಲಿ ಶುರುವಾಯಿತು. ಬರ ಬಂದಾಗ ಕಾಳು ಒಳಗೆ ತರೋದಕ್ಕೆ ಅಂತ ಹಾಕಿದ ಹಳಿ ಇದು. ಆದರೆ ಹಳಿ ಎರಡೂ ಕಡೆಗೆ ಹೋಗುತ್ತಲ್ಲ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಕಾಳು ಇಳಿದಂತೆ ಜನ ಹತ್ತಿದರು. ಸೊಲ್ಲಾಪುರದಲ್ಲಿ 1877ಕ್ಕೇ ಬಟ್ಟೆ ಗಿರಣಿ ಶುರುವಾಗಿತ್ತು. ಅದರಾಚೆ ಪುಣೆ, ಮುಂಬಯಿ. ಗುಳೆಗೆ ಒಂದು ಟೈಮ್‌ಟೇಬಲ್ ಸಿಕ್ಕಿತು ಅನ್ನಿ.

ಅದೇ ಮುಂಬಯಿಗೆ 1896ರ ಸೆಪ್ಟೆಂಬರಿನಲ್ಲಿ ಪ್ಲೇಗು ಬಂತು. ಮುಂದಿನ ವರ್ಷ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯಿದೆ ತಂದರು. ಹೌದು, 2020ರಲ್ಲಿ ನಮ್ಮ ಸರಕಾರಗಳು ಮೊದಲು ಎತ್ತಿಕೊಂಡ 1897ರ ಕಾಯಿದೆ ಅದೇ. ಸ್ಟೇಷನ್ನುಗಳಲ್ಲಿ ಪ್ರಯಾಣಿಕರ ತಪಾಸಣೆ, ಮನೆ ಹೊಕ್ಕು ಹುಡುಕಾಟ, ಬೇನೆ ಬಿದ್ದವರನ್ನ ಎತ್ತಿ ಒಯ್ಯೋದು. ಪುಣೆಯಲ್ಲಿ ಸಿಪಾಯಿಗಳ ದಬ್ಬಾಳಿಕೆ ಎಲ್ಲಿಗೆ ಹೋಗಿ ಮುಟ್ಟಿತೆಂದರೆ 1897ರ ಜೂನ್ 22ರಂದು ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹಾರಿಸಿದರು. 1898ಕ್ಕೆ ಹುಬ್ಬಳ್ಳಿ ಪ್ಲೇಗಿಗೆ ತತ್ತರಿಸಿತ್ತು. ಮುಂದಿನ ಎರಡು ದಶಕ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಆ ಬೇನೆ ಹೋಗಿ ಬಂದು ಮಾಡುತ್ತಲೇ ಇತ್ತು.

ಹಳ್ಳಿಯ ಜನ ಆಗ ಏನು ಮಾಡಿದರು? ನಮ್ಮ ಕಡೆಯ ಮುದುಕರು ಹೇಳೋ ‘ಪಿಲೇಗಿನ’ ಕಥೆಯಲ್ಲಿ ಒಂದು ಸಾಲು ಬಂದೇ ಬರುತ್ತೆ: “ಇಲಿ ಬಿದ್ದ ಕೂಡ್ಲೆ ಊರ ಬಿಟ್ಟು ಹೊಲದಾಗ ಜೋಪಡಿ ಹಾಕ್ಕೊಂಡ್ರು.” ಮನೆಯ ಜಂತಿಯಿಂದ ಇಲಿ ಸತ್ತು ಬಿದ್ದರೆ ಅದೇ ಗಂಟೆ. ಕಾಳು, ಕೋಳಿ, ದನ, ಕೂಸು ಎಲ್ಲ ಬಂಡಿಗೆ ಏರಿಸಿ ಹೊಲಕ್ಕೆ. ಜೋಳದ ಕಣಕಿ, ಜಾಲಿಯ ಗಳ ಸೇರಿಸಿ ಗುಡಿಸಲು. ಒಂದೆರಡು ತಿಂಗಳು ಅಲ್ಲೇ ಒಲೆ, ಅಲ್ಲೇ ಬಾಣಂತನ, ಅಲ್ಲೇ ಹಬ್ಬ.

ಇಲಿಗೂ ಪ್ಲೇಗಿಗೂ ನಡುವಿನ ಕೊಂಡಿ ಚಿಗಟ ಅಂತ ಪಾಲ್-ಲೂಯಿ ಸಿಮೊಂಡ್ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಉಳಿದ ವಿಜ್ಞಾನಿಗಳು ಅದನ್ನ ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು. ಚಿಗಟದ ವಿಷಯ ಹಳ್ಳಿಯವರಿಗೆ ಗೊತ್ತಿರಲಿಲ್ಲ. ಆದರೆ ಇಲಿ ಸತ್ತ ಮನೆಯಲ್ಲಿ ಮನುಷ್ಯ ಉಳಿಯೋದಿಲ್ಲ ಅನ್ನೋದು ಗೊತ್ತಿತ್ತು. ಪ್ಲೇಗಿನ ಮಟ್ಟಿಗೆ ಮನೆಯೇ ಅಪಾಯ, ಬಯಲೇ ಔಷಧಿ. ಕಡೆಗೆ ಸರಕಾರವೂ ಹಳ್ಳಿ ಖಾಲಿ ಮಾಡಿಸೋದೇ ಒಳ್ಳೆ ಉಪಾಯ ಅನ್ನೋ ಕಡೆಗೆ ಬಂತು.

ಊರು ಬಿಡೋದು ಎಷ್ಟು ರೂಢಿಯಾಗಿತ್ತೆಂದರೆ ಅದು ಆಚರಣೆಯೇ ಆಗಿಬಿಟ್ಟಿದೆ. ಬೇನೆ ಬಂದಾಗ, ಮಳೆ ಹೋದಾಗ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ‘ಹೊರಬೀಡು’ ಮಾಡ್ತಾರೆ. ಒಂದು ದಿನ ಇಡೀ ಊರು ಮನೆಗಳಿಗೆ ಕದ ಹಾಕಿ ಹೊರಗೆ ಹೋಗಿ, ಅಲ್ಲೇ ಅಡುಗೆ ಮಾಡಿ ಉಂಡು, ಸಂಜೆಗೆ ತಿರುಗಿ ಬರೋದು. ಉತ್ತರ ಕರ್ನಾಟಕದ ಕಡೆ ‘ವಾರ ಹಿಡಿಯೋದು’ ಅಂತಲೂ ಉಂಟು. ದ್ಯಾಮವ್ವನಿಗೋ ದುರಗವ್ವನಿಗೋ ಹರಕೆ ಹೊತ್ತು ಇಷ್ಟು ಮಂಗಳವಾರ ಯಾರೂ ಹೊಲಕ್ಕೆ ಹೋಗಬಾರದು, ಕೆಲಸ ಹಿಡಿಯಬಾರದು ಅಂತ ಊರೇ ಕೂತು ತೀರ್ಮಾನ ಮಾಡೋದು. ನೀವು ಇದನ್ನ ಮೂಢನಂಬಿಕೆ ಅನ್ನಬಹುದು. ನನಗೆ ಇದರಲ್ಲಿ ಕಾಣೋದು ಇನ್ನೊಂದು. ನಿರ್ಧಾರ ಊರಿನದು, ಮುಗಿಯೋ ದಿನ ಮೊದಲೇ ಗೊತ್ತು, ನಿಯಮ ಎಲ್ಲರಿಗೂ ಒಂದೇ.

1918ರ ಇನ್‌ಫ್ಲುಯೆಂಜಾ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಅದು ಉಸಿರಿನ ರೋಗ, ಹೊಲಕ್ಕೆ ಹೋದರೂ ಬೆನ್ನು ಬಿಡಲಿಲ್ಲ. ಜೂನಿನಲ್ಲಿ ಮುಂಬಯಿಗೆ ಬಂದ ಬೇನೆ ಸೆಪ್ಟೆಂಬರ್-ಅಕ್ಟೋಬರಿಗೆ ಭೀಕರವಾಯಿತು. ಆ ವರ್ಷ ಮಳೆಯೂ ಹೋಗಿತ್ತು. ಸೆಪ್ಟೆಂಬರ್-ಅಕ್ಟೋಬರ್ ಅಂದರೆ ಎರೆ ಸೀಮೆಯಲ್ಲಿ ಹಿಂಗಾರಿ ಜೋಳ ಬಿತ್ತೋ ಕಾಲ. ಕೂರಿಗೆ ಹಿಡಿಯೋ ಕೈಗಳೇ ಹಾಸಿಗೆ ಹಿಡಿದವು. ಮುಂಬಯಿ ಪ್ರಾಂತವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ದೇಶದ ಲೆಕ್ಕ ಕನಿಷ್ಠ 1.2 ಕೋಟಿ. ಭಾರತದ ಜನಗಣತಿಯಲ್ಲಿ ಇಪ್ಪತ್ತನೇ ಶತಮಾನದಲ್ಲಿ ಜನಸಂಖ್ಯೆ ಕಡಿಮೆಯಾದ ದಶಕ ಒಂದೇ, 1911ರಿಂದ 1921. ಹೀಗಿದ್ದೂ ನಮ್ಮ ಮುದುಕರ ಬಾಯಲ್ಲಿ ಪ್ಲೇಗು ಉಳಿದಷ್ಟು ಇನ್‌ಫ್ಲುಯೆಂಜಾ ಉಳಿದಿಲ್ಲ. ಬಹುಶಃ ಪ್ಲೇಗಿಗೆ ಒಂದು ಕಥೆ ಇತ್ತು: ಊರು ಬಿಟ್ಟೆವು, ಬದುಕಿದೆವು. ಇನ್‌ಫ್ಲುಯೆಂಜಾಕ್ಕೆ ಅಂಥ ಕಥೆ ಇರಲಿಲ್ಲ. ಸತ್ತರು, ಅಷ್ಟೇ.

ಈಗ 2020ಕ್ಕೆ ಬರೋಣ. ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ಆದದ್ದು ಪಕ್ಕದ ಕಲಬುರಗಿಯಲ್ಲಿ, ಮಾರ್ಚ್ 10ರಂದು. ಸಿಂದಗಿಯಿಂದ ಕಲಬುರಗಿ ಎಷ್ಟು ದೂರ? ದಿನಾ ಬಸ್ಸು ಓಡಾಡೋ ದಾರಿ. ಹಾಗಾಗಿ ಬೆಂಗಳೂರಿಗಿಂತ ಮೊದಲೇ ಆ ಕಡೆ ಭಯ ಹೊಕ್ಕಿತ್ತು. ಲಾಕ್‌ಡೌನ್ ಆದ ಕೂಡಲೇ ಹಳ್ಳಿಗಳು ತಮ್ಮ ಬಾಗಿಲು ತಾವೇ ಹಾಕಿಕೊಂಡವು. ಊರ ದಾರಿಗೆ ಜಾಲಿಮುಳ್ಳು, ಕಲ್ಲು, ಎಲ್ಲೋ ಒಂದು ಕಡೆ ಟ್ರ್ಯಾಕ್ಟರ್ ಟ್ರಾಲಿ ಅಡ್ಡ. ‘ಹೊರಗಿನವರಿಗೆ ಪ್ರವೇಶವಿಲ್ಲ’ ಅನ್ನೋ ಬೋರ್ಡು. ಡಂಗುರ ಸಾರುವವನಿಗೆ ಬಹಳ ವರ್ಷಗಳ ಮೇಲೆ ಕೈತುಂಬ ಕೆಲಸ.

ಯುಗಾದಿ ಇಲ್ಲಿ ಬರೀ ಬೇವು-ಹೋಳಿಗೆಯ ಹಬ್ಬ ಅಲ್ಲ. ಹೊಲದ ಪಾಲು, ಲಾವಣಿ, ಆಳಿನ ವರ್ಷದ ಪಗಾರ ಎಲ್ಲ ಮಾತಾಡೋದು ಆಗಲೇ. ಶ್ರೀಶೈಲದ ಮಲ್ಲಯ್ಯನಿಗೆ ಕಂಬಿ ಹೊತ್ತು ವಾರಗಟ್ಟಲೆ ನಡೆದು ಹೋಗೋದೂ ಯುಗಾದಿಗೇ. ಆ ವರ್ಷ ಗುಡಿಯ ಬಾಗಿಲುಗಳು ಮುಚ್ಚಿದ್ದವು. ಯುಗಾದಿಯ ಹಿಂದೆಯೇ ಶುರುವಾಗೋ ಜಾತ್ರೆಗಳೂ ನಿಂತವು. ಏಪ್ರಿಲ್ 26ಕ್ಕೆ ಬಸವ ಜಯಂತಿ. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲೇ ಮೆರವಣಿಗೆಯ ಮಾತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಲ ಕರುಣೆ ತೋರಿತ್ತು. 1918ರ ಬೇನೆ ಬಿತ್ತನೆಗೆ ಅಡ್ಡ ಬಂದಿತ್ತು. 2020ರದ್ದು ಬರೋ ಹೊತ್ತಿಗೆ ಹಿಂಗಾರಿ ಜೋಳದ ರಾಶಿ ಬಹುಪಾಲು ಮುಗಿದಿತ್ತು. ಹೊಲ ಇದ್ದವರ ಮನೆಯಲ್ಲಿ ಜೋಳದ ಚೀಲ ಇತ್ತು, ದನಕ್ಕೆ ಕಣಕಿಯ ಬಣವೆ ಇತ್ತು. ಕಡಕ್ ರೊಟ್ಟಿ ಬಡಿದಿಟ್ಟರೆ ತಿಂಗಳು ಕೆಡೋದಿಲ್ಲ, ಜೊತೆಗೆ ಶೇಂಗಾ ಹಿಂಡಿ. ಬರ ಕಂಡ ನಾಡಿನ ಅಡುಗೆಯೇ ಒಂಥರಾ ಲಾಕ್‌ಡೌನಿನ ಅಡುಗೆ. ಹಿಂದೆ ನೆಲದೊಳಗೆ ಹಗೇವು ತೋಡಿ ಜೋಳ ಹುಗಿದಿಡುತ್ತಿದ್ದದ್ದೂ ಇಂಥ ದಿನಕ್ಕೇ.

ಹೊಟ್ಟೆಗೆ ಇತ್ತು, ಕಿಸೆಗೆ ಇರಲಿಲ್ಲ. ಇಂಡಿ ಅಂದರೆ ನಿಂಬೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರೋದೇ ಇಂಡಿಯಲ್ಲಿ. ನಿಂಬೆಗೆ ಬೆಲೆ ಬರೋದು ಬೇಸಿಗೆಯಲ್ಲಿ. ಆ ಬೇಸಿಗೆಯಲ್ಲಿ ಹೋಟೆಲ್ಲೂ ಇಲ್ಲ, ಶರಬತ್ತಿನ ಗಾಡಿಯೂ ಇಲ್ಲ, ಮದುವೆಯೂ ಇಲ್ಲ. ದ್ರಾಕ್ಷಿಯವರದು ಇನ್ನೊಂದು ಪಾಡು. ಕೊಯ್ಲಿನ ಕಾಲ, ವ್ಯಾಪಾರಿ ಬರೋ ಹಾಗಿಲ್ಲ. ಶೆಡ್ ಇದ್ದವರು ಒಣಗಿಸಿ ಮಣೂಕ ಮಾಡಿದರು. ಇಲ್ಲದವರು ಬಂದ ಬೆಲೆಗೆ ಕೊಟ್ಟರು. ವಾರದ ಸಂತೆ ನಿಂತಾಗ ತರಕಾರಿಯವರಷ್ಟೇ ಅಲ್ಲ, ಬಳೆಗಾರ, ಕುಂಬಾರ, ಚಪ್ಪಲಿ ಹೊಲಿಯುವವ, ದನದ ದಲ್ಲಾಳಿ ಎಲ್ಲರ ವಾರವೂ ನಿಂತಿತು.

ಉಳಿದದ್ದು ದಿನಚರಿ. ಬೆಳಿಗ್ಗೆ ಬಿಸಿಲೇರೋ ಮುಂಚೆ ಹೊಲ. ಮಧ್ಯಾಹ್ನ ಬೇವಿನ ಗಿಡದ ನೆರಳು. ದೂರದರ್ಶನದಲ್ಲಿ ಮಾರ್ಚ್ 28ರಿಂದ ಮತ್ತೆ ರಾಮಾಯಣ. ಜನಧನ್ ಖಾತೆಯ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಬಂತು. ಅದನ್ನ ಬಿಡಿಸಲು ಬ್ಯಾಂಕಿನ ಮುಂದೆ ಸುಣ್ಣದ ವೃತ್ತಗಳಲ್ಲಿ ಸರದಿ. ಕೇಂದ್ರದ ತಲಾ 5 ಕಿಲೋ ಅಕ್ಕಿ ಬಂತು, ರೊಟ್ಟಿ ಉಣ್ಣೋ ನಾಡಿಗೆ. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆಮನೆಗೆ ಹೋಗಿ ಕೆಮ್ಮು-ಜ್ವರದ ಲೆಕ್ಕ ಬರೆದುಕೊಂಡರು. “ಮನ್ಯಾಗ ಯಾರ ಬಂದಾರ್ರೀ ಹೊರಗಿಂದ?” ಅನ್ನೋದು ಅವರು ಕೇಳಲೇಬೇಕಿದ್ದ ಪ್ರಶ್ನೆ. ಆ ಪ್ರಶ್ನೆಯೇ ಮುಂದೆ ದೊಡ್ಡದಾಯಿತು.

ಯಾಕಂದ್ರೆ ಈ ತಾಲ್ಲೂಕುಗಳ ಅರ್ಧ ಬದುಕು ಇದ್ದದ್ದೇ ಹೊರಗೆ. ಪುಣೆಯ ಕಟ್ಟಡಗಳು, ಮುಂಬಯಿ, ಸೊಲ್ಲಾಪುರ, ಗೋವಾದ ವಾಸ್ಕೊ, ಮಂಗಳೂರು, ಬೆಂಗಳೂರು. ಲಂಬಾಣಿ ತಾಂಡಾಗಳಲ್ಲಂತೂ ಸುಗ್ಗಿ ಮುಗಿದ ಮೇಲೆ ಉಳಿಯೋರು ಮುದುಕರು, ಮಕ್ಕಳು. ‘ಮನೆಯಲ್ಲೇ ಇರಿ’ ಅಂದಾಗ ಇವರು ಇದ್ದದ್ದು ಮನೆಯಲ್ಲಲ್ಲ. ಕಟ್ಟುತ್ತಿರೋ ಯಾರದೋ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ.

ಫ್ರಾನ್ಸಿನಲ್ಲಿ ಮಾರ್ಚ್ 17ಕ್ಕೇ ಲಾಕ್‌ಡೌನ್ ಶುರುವಾಗಿತ್ತು. ಅಲ್ಲಿ ಮನೆಯಿಂದ ಹೊರಗೆ ಕಾಲಿಡಬೇಕಾದರೆ ತಾವೇ ಸಹಿ ಹಾಕಿದ ಚೀಟಿ ಕಿಸೆಯಲ್ಲಿರಬೇಕು. ವಾಯುವಿಹಾರಕ್ಕೆ ಒಂದು ಗಂಟೆ, ಒಂದು ಕಿಲೋಮೀಟರ್. ಅದು ಜಾರಿಯಾಗೋ ಹೊತ್ತಿಗೆ ಪ್ಯಾರಿಸ್ಸಿನ ಲಕ್ಷಾಂತರ ಜನ ಹಳ್ಳಿಗಳ ಕಡೆಗೆ ಹೊರಟಿದ್ದರು. ಅನೇಕರಿಗೆ ಅಲ್ಲಿ ತೋಟ ಇರೋ ಎರಡನೇ ಮನೆ. ನಮ್ಮಲ್ಲೂ ಐಟಿಯವರು ಊರಿಗೆ ಹೋಗಿ ವರ್ಕ್ ಫ್ರಮ್ ಹೋಮ್ ಮಾಡಿದರು. ನಗರದಿಂದ ಹಳ್ಳಿಗೆ ಅನ್ನೋದು ಒಂದೇ ದಿಕ್ಕು. ಆದರೆ ಸಂಬಳ ಬರುತ್ತಿರುವಾಗ ಹೋಗೋದು ಬೇರೆ, ಸಂಬಳ ನಿಂತದ್ದಕ್ಕೆ ಹೋಗೋದು ಬೇರೆ.

ಮೇ ತಿಂಗಳಲ್ಲಿ ದಾರಿ ತೆರೆಯಿತು. ರಾಜ್ಯದೊಳಗಿನವರಿಗೆ ಬೆಂಗಳೂರಿನಿಂದ ಕೆಲವು ದಿನ ಉಚಿತ ಬಸ್ಸು ಬಿಟ್ಟರು. ಹೊರರಾಜ್ಯದವರು ‘ಸೇವಾ ಸಿಂಧು’ ಜಾಲತಾಣದಲ್ಲಿ ಪಾಸ್ ತೆಗೆಯಬೇಕು. ಗುಂಡಿ ಒತ್ತೋ ಫೋನಿನವರು ಅದನ್ನ ಹೇಗೆ ತೆಗೆಯಬೇಕು ಅಂತ ಯಾರೂ ಹೇಳಲಿಲ್ಲ. ಮೇ 18ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ತಿಂಗಳ ಕೊನೆಯವರೆಗೆ ಯಾರನ್ನೂ ಒಳಗೆ ಬಿಡೋದಿಲ್ಲ ಅಂದರು. ಸೊಲ್ಲಾಪುರದ ದಾರಿಯಲ್ಲಿ ಭೀಮೆಯ ದಂಡೆಯ ಧೂಳಖೇಡ ಚೆಕ್‌ಪೋಸ್ಟ್ ಒಂದು ದೇಶದ ಗಡಿಯಂತಾಯಿತು. ಹೊಳೆಯ ಆ ಕಡೆ, ಈ ಕಡೆ ಎರಡೂ ಕಡೆ ಕನ್ನಡ ಮಾತಾಡೋರೇ. ಆ ದಿನಗಳ ಮಾತುಕತೆ ಹೀಗಿರುತ್ತಿತ್ತು:

“ಎಲ್ಲಿಂದ ಬಂದೀರಿಪಾ?”

“ಪುಣೆದಿಂದ್ರೀ ಸಾಹೇಬ್ರ. ನಮ್ಮೂರು ಇಲ್ಲೇ ಇಂಡಿ ಬಾಜೂಕ ಐತ್ರಿ.”

“ಊರು ನಿಮ್ದೇ ಖರೆ ತಮ್ಮಾ, ಬಿಡಾಕ ಆರ್ಡರ್ ಇಲ್ಲ.”

ಒಳಗೆ ಬಂದವರಿಗೆ ಕ್ವಾರಂಟೈನ್. ಎಲ್ಲಿ? ಸರಕಾರಿ ಶಾಲೆಯಲ್ಲಿ, ಹಾಸ್ಟೆಲಿನಲ್ಲಿ. ತಾವು ಓದಿದ ಅಥವಾ ಗುಳೆಯ ಕಾರಣಕ್ಕೆ ಅರ್ಧಕ್ಕೆ ಬಿಟ್ಟ ಅದೇ ಶಾಲೆಯ ಕೋಣೆಯಲ್ಲಿ ಮಲಗಿದರು. ಕಿಟಕಿಯಿಂದ ಮನೆಯ ಮಾಳಿಗೆ ಕಾಣುತ್ತೆ, ಹೋಗೋ ಹಾಗಿಲ್ಲ. ತಾಯಿ ಬುತ್ತಿ ತಂದು ಕಾಂಪೌಂಡಿನ ಗೋಡೆಯ ಮೇಲಿಟ್ಟು ದೂರ ನಿಲ್ಲಬೇಕು. ಊರಿನ ಕೆಲವರು ಶಾಲೆಯಲ್ಲೂ ಬೇಡ, ಊರಿಂದ ಇನ್ನೂ ದೂರ ಇರಲಿ ಅಂದರು.

ಪ್ಲೇಗಿಗೂ ಕೊರೊನಾಕ್ಕೂ ನಡುವೆ ನನಗೆ ಕಾಣೋ ದೊಡ್ಡ ವ್ಯತ್ಯಾಸ ಇದು. ಪ್ಲೇಗಿಗೆ ಇಡೀ ಊರು ಹೊರಗೆ ಹೋಯಿತು. ಕೊರೊನಾಕ್ಕೆ ಊರು ಒಳಗೇ ಉಳಿದು ತನ್ನದೇ ಮಕ್ಕಳನ್ನ ಹೊರಗಿಟ್ಟಿತು. ಹಳೆಯದೆಲ್ಲ ಚಂದ ಇತ್ತು ಅಂತ ಹೇಳ್ತಿಲ್ಲ. ಪ್ಲೇಗಿನ ಕಾಲದ ಸರಕಾರಿ ಕ್ಯಾಂಪುಗಳೇ ಜಾತಿಗೊಂದು ಸಾಲಾಗಿದ್ದವು. 2020ರಲ್ಲಿ ಊರವರು ಹೆದರಿದ್ದಕ್ಕೆ ಕಾರಣವೂ ಇತ್ತು, ಮುಂಬಯಿ-ಪುಣೆಯಲ್ಲಿ ರೋಗ ನಿಜವಾಗಿ ಹೆಚ್ಚಿತ್ತು, ದೂರ ಇರೋದೇ ಔಷಧಿಯಾಗಿತ್ತು. ಆದರೆ ವರ್ಷಗಟ್ಟಲೆ ಇವರು ಕಳಿಸಿದ ದುಡ್ಡಿನಲ್ಲೇ ಊರಲ್ಲಿ ಬೋರ್‌ವೆಲ್ ಬಿದ್ದಿತ್ತು, ತಂಗಿಯ ಮದುವೆಯಾಗಿತ್ತು, ಜಾತ್ರೆಗೆ ಪಟ್ಟಿ ಎತ್ತಿದ್ದರು. ದುಡ್ಡು ಬಂದಾಗ ‘ನಮ್ಮ ಹುಡುಗ’ ಆಗಿದ್ದವನು ಬರಿಗೈಲಿ ಬಂದಾಗ ‘ಹೊರಗಿನವ’ ಆಗಿದ್ದ.

ಹೊಟ್ಟೆಯ ಪ್ರಶ್ನೆಗೆ ಉತ್ತರ ಬಂದದ್ದು ಉದ್ಯೋಗ ಖಾತ್ರಿಯಿಂದ. ಏಪ್ರಿಲ್ ಕೊನೆಗೆ ಕಾಮಗಾರಿಗಳು ಮತ್ತೆ ಶುರುವಾದವು. ಕೂಲಿ ದಿನಕ್ಕೆ 275 ರೂಪಾಯಿ. ಮೇನಲ್ಲಿ ಕೇಂದ್ರ ಇನ್ನೂ 40,000 ಕೋಟಿ ಸೇರಿಸಿತು. ಪುಣೆಯಲ್ಲಿ ಟೈಲ್ಸ್ ಕೂರಿಸುತ್ತಿದ್ದವನು ಊರ ಹೊಲದಲ್ಲಿ ಬದು ಹಾಕಿದ, ಕೃಷಿ ಹೊಂಡ ತೋಡಿದ, ಕೆರೆಯ ಹೂಳೆತ್ತಿದ. 1877ರಲ್ಲಿ ಇದೇ ಮಣ್ಣನ್ನ ಒಂದು ಪೌಂಡ್ ಕಾಳಿಗೆ ಹೊತ್ತವರ ಮರಿಮಕ್ಕಳು ಇವರು. ಆಗ ಅದು ಬಾದಶಾಹಿ ದಯೆಯಂಥ ಭಿಕ್ಷೆ, ಈಗ ಕಾಯಿದೆ ಕೊಟ್ಟ ಹಕ್ಕು. ಒಂದೂವರೆ ಶತಮಾನದಲ್ಲಿ ಏನಾದರೂ ಬದಲಾಗಿದೆಯಾ ಅಂತ ಕೇಳೋರಿಗೆ ಇದನ್ನ ತೋರಿಸಬಹುದು.

ಜೂನ್ 5ಕ್ಕೆ ಕಾರಹುಣ್ಣಿಮೆ ಬಂತು. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಮನೆಯಷ್ಟಕ್ಕೇ ಹಬ್ಬ ಮಾಡಿದರು. ಗುಳೆ ಹೋದ ಎಷ್ಟೋ ಮಂದಿ ವರ್ಷಗಳ ಮೇಲೆ ಆ ಹಬ್ಬಕ್ಕೆ ಊರಲ್ಲಿದ್ದರು. ಮುಂಗಾರಿನ ಬಿತ್ತನೆಗೆ ಕೈಗಳಿಗೆ ಕೊರತೆ ಇರಲಿಲ್ಲ. ಮಕ್ಕಳು ಅಪ್ಪ-ಅವ್ವನ ಜೊತೆ ಇಷ್ಟು ದಿನ ಒಂದೇ ಸೂರಿನಡಿ ಇದ್ದದ್ದು ಅದೇ ಮೊದಲು ಅನ್ನೋ ಮನೆಗಳೂ ಇದ್ದವು. ಆದರೆ ಸಾಲ ಕೊಟ್ಟವನು ಲಾಕ್‌ಡೌನಿನಲ್ಲಿ ಇರಲಿಲ್ಲ. ಒಂದೊಂದೇ ಕುಟುಂಬ ಮತ್ತೆ ಗಂಟು ಕಟ್ಟಿತು. 2021ರ ಎರಡನೇ ಅಲೆಗೆ ಮತ್ತೆ ಎಲ್ಲ ಬಂದ್. ಮೊದಲ ಸಲ ಬರೀ ಸುದ್ದಿಯಾಗಿದ್ದ ಬೇನೆ ಆ ಸಲ ಹಳ್ಳಿಗಳ ಒಳಗೇ ಬಂದು ಹೆಣ ಕೇಳಿತು.

ಪ್ಲೇಗಿನ ಕಥೆ ಬಾಯಿಂದ ಬಾಯಿಗೆ ಬಂತು, ಹೊರಬೀಡಿನಂಥ ಆಚರಣೆಗಳಿಗೆ ಇನ್ನೊಂದಿಷ್ಟು ಬಲ ಕೊಟ್ಟಿತು. 2020ರ ಕಥೆ ಎಲ್ಲಿದೆ? ಪಂಚಾಯಿತಿಯ ಖಾತ್ರಿ ಹಾಜರಿ ಪಟ್ಟಿಯಲ್ಲಿದೆ. ಶಾಲೆಯ ಕ್ವಾರಂಟೈನ್ ದಾಖಲೆಯಲ್ಲಿ, ಆಶಾ ಕಾರ್ಯಕರ್ತೆಯ ನೋಟ್‌ಬುಕ್ಕಿನಲ್ಲಿ, ಅಳಿಸಿ ಹೋಗ್ತಿರೋ ವಾಟ್ಸಾಪ್ ವಾಯ್ಸ್ ಮೆಸೇಜುಗಳಲ್ಲಿದೆ. ಕಾಗದ ಗೆದ್ದಲು ಹಿಡಿಯುತ್ತೆ, ಫೋನು ಬದಲಾಗುತ್ತೆ. 1918ರ ಬೇನೆಗೆ ಆದದ್ದೇ ಇದಕ್ಕೂ ಆಗಬಹುದು. ಲೆಕ್ಕ ಉಳಿದು ಮಾತು ಹೋಗಬಹುದು.

ನಿಮ್ಮ ಅಪಾರ್ಟ್‌ಮೆಂಟಿನ ಎದುರು ಏಳುತ್ತಿರೋ ಕಟ್ಟಡದಲ್ಲಿ, ಅದರ ಪಕ್ಕದ ಶೆಡ್ಡಿನಲ್ಲಿ ಈ ನಾಲ್ಕು ತಾಲ್ಲೂಕಿನವರು ಯಾರಾದರೂ ಇರೋ ಸಾಧ್ಯತೆ ಬಹಳ ಇದೆ. “ಯಾವೂರ್ರೀ ನಿಮ್ದು?” ಅಂತ ಕೇಳಿ ನೋಡಿ. ಸಿಂದಗಿ ಅಂತಲೋ ಮುದ್ದೇಬಿಹಾಳ ಅಂತಲೋ ಅಂದರೆ, ಆ ವರ್ಷ ಊರು ಹೇಗೆ ಮುಟ್ಟಿದಿರಿ ಅಂತ ಇನ್ನೊಂದು ಪ್ರಶ್ನೆ ಕೇಳಿ. ಅವರು ಹೇಳೋದನ್ನ ಪೂರ್ತಿ ಕೇಳೋವಷ್ಟು ಹೊತ್ತು ಮಾತ್ರ ಇಟ್ಟುಕೊಂಡು ಹೋಗಿ.